ರದ್ದಿಯೊಳಗಿನ ಬಳ್ಳಿ

ನನ್ನ ಕೈಯಲ್ಲಿರುವುದು ಕೆಂಪು ಬಟ್ಟೆಯ ರಟ್ಟು ಹಾಕಿದ ಹಳೇ ಲೆಕ್ಕದ ಪುಸ್ತಕ. ಒಳಗೆ ಒಂದು ಲೆಕ್ಕವೂ ಇಲ್ಲ. ವಾರಪತ್ರಿಕೆಗಳಿಂದ ಕತ್ತರಿಸಿದ ರಂಗೋಲಿ, ಕಸೂತಿ, ಕ್ರೋಶಾ ಮಾದರಿಗಳನ್ನು ನಮ್ಮ ಆಯಿ ಮೈದಾ ಅಂಟಿನಲ್ಲಿ ಅಂಟಿಸಿಟ್ಟಿದ್ದಾಳೆ. ಅಂಟಿನ ಆಸೆಗೆ ಬಂದ ಜಿರಲೆಗಳು ಅಂಚು ತಿಂದಿವೆ. ಒಂದು ರಂಗೋಲಿಯ ಪಕ್ಕ ಪೆನ್ಸಿಲಿನಲ್ಲಿ ‘15ರಿಂದ 1 ಅಲ್ಲ, 17ರಿಂದ 1’ ಎಂದು ಬರೆದಿದೆ. ಅಚ್ಚಿನ ಈ ತಪ್ಪು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಚುಕ್ಕಿ ಇಟ್ಟವಳಿಗೆ ಮಾತ್ರ ಸಿಕ್ಕೀತು.

ನಾನೋ, ಬಹುಕಾಲ ಕಲೆಯಾಗದ, ಗೀಚದ ಪುಸ್ತಕಗಳನ್ನೇ ಹುಡುಕುತ್ತಿದ್ದೆ. ರದ್ದಿ ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ತಂದು ಕಪಾಟಿಗೆ ಸೇರಿಸುವುದು. ಈಗ ಎಣ್ಣೆ ಕೈ ಮುಟ್ಟಿದ ಪುಸ್ತಕವೇ ಬೇಕು ಅನಿಸುತ್ತದೆ.

ಎಲ್ಲ ಪುಸ್ತಕವೂ ಕೈಕೆಲಸಕ್ಕೆ ಒದಗದು. 1883ರ ಬಾಂಬೆ ಗೆಜೆಟಿಯರಿನ ಕೆನರಾ ಸಂಪುಟದಲ್ಲಿ ನಮ್ಮ ಕಡೆಯ ಕೆತ್ತನೆಗಾರರಾದ ಗುಡಿಗಾರರ ಗಂಧದ ಕೆಲಸದ ಮಾತು ಬರುತ್ತದೆ. ಓದಲು ಹೆಮ್ಮೆ, ಆದರೆ ಅದನ್ನು ಎದುರಿಗಿಟ್ಟುಕೊಂಡು ಒಂದು ಎಲೆ ಕೆತ್ತಲೂ ಆಗದು. ಅಧಿಕಾರಿಗೆ ಬೇಕಾದ ಪುಸ್ತಕ ಅದು.

ಕೆಲಸಗಾರನಿಗೆ ಹತ್ತಿರದ್ದು ಕೃಷ್ಣಾನಂದ ಕಾಮತರು ಗುಡಿ ಗೋಡೆಗಳ ಕಾವಿ ಕಲೆಯ ಮೇಲೆ ಮಾಡಿದ ಕೆಲಸ. ನಮ್ಮೂರಿಂದ ಶರಾವತಿ ಸೇತುವೆ ದಾಟಿದರೆ ಸಿಗುವ ಹೊನ್ನಾವರದಲ್ಲೇ 1934ರಲ್ಲಿ ಹುಟ್ಟಿದವರು, ಓದಿದ್ದು ಪ್ರಾಣಿಶಾಸ್ತ್ರ. ಕೀಟದ ಕಾಲು ಎಣಿಸಿದ ಕಣ್ಣೇ ದೇವಸ್ಥಾನದ ಗೋಡೆಯ ಗೆರೆಯನ್ನೂ ನೋಡಿರಬೇಕು. ಕರಾವಳಿಯ ಗುಡಿಗಳಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಗೋಡೆಗೆ ಆಯಿಲ್ ಪೇಂಟು, ಟೈಲ್ಸು ಬಂದಾಗ ಎಷ್ಟೋ ಚಿತ್ರ ಕಣ್ಮರೆಯಾದವು. ಅಂಥ ಗೋಡೆಗಳಿಗೆ ಈಗ ಫೋಟೋ ಒಂದೇ ಸಾಕ್ಷಿ.

ಕಾವಿ ಬಣ್ಣ ಬಳಿದು ಬಿಡಿಸುವ ಚಿತ್ರವಲ್ಲ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಹಸಿ ಆರುವ ಮೊದಲು ಉಕ್ಕಿನ ಚೂಪು ಕಂಟದಿಂದ ಕೆರೆಯುತ್ತಾರೆ. ಕೆಂಪು ಹೋದಲ್ಲಿ ಬಿಳಿ ಮೂಡುತ್ತದೆ. ತಪ್ಪಿದರೆ ಒರೆಸಿ ಮತ್ತೆ ಬರೆಯುವಂತಿಲ್ಲ. ಈ ಅವಸರ ಫೋಟೋದಲ್ಲಿ ಕಾಣುವುದೇ ಇಲ್ಲ.

ಹೋದ ಮಳೆಗಾಲ ಗಾರೆ ಕೆಲಸದ ಹುಡುಗನೊಬ್ಬ ಮನೆಗೆ ಬಂದಿದ್ದ. ಪುಸ್ತಕದಲ್ಲಿದ್ದ ಒಂದು ಕಾವಿ ಬಳ್ಳಿಯ ಫೋಟೋ ನೋಡುತ್ತ, ‘ಮಾಸ್ತರ್ರೇ, ಇದನ್ನು ಮೇಲಿಂದ ಕೆರೆದದ್ದೋ, ಕೆಳಗಿಂದಲೋ?’ ಎಂದ. ಇಷ್ಟು ವರ್ಷದಲ್ಲಿ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಭೂತಗನ್ನಡಿ ಹಿಡಿದೆವು. ಕಂಡದ್ದು ಅಚ್ಚಿನ ಚುಕ್ಕಿಗಳು ಮಾತ್ರ.

ವಾರ ಬಿಟ್ಟು ಆತ ಮಂಗಳೂರು ಹೆಂಚಿನ ಚೂರೊಂದಕ್ಕೆ ಗಾರೆ ಬಳಿದು, ಮೇಲೆ ಕೆಂಪು ಕೊಟ್ಟು ತಂದ. ಎರಡೂ ಥರ ಗೀರಿ ನೋಡಿದ. ಮೇಲಿಂದ ಕೆರೆದಾಗ ಉದುರಿದ ಪುಡಿ ಮುಂದಿನ ಗೆರೆಗೇ ಅಡ್ಡ ಬರುತ್ತಿತ್ತು. ಆ ಚೂರಿನ ಜಾಗ ಈಗ ನನ್ನ ಕಪಾಟಿನಲ್ಲಿ, ಆಯಿಯ ಪುಸ್ತಕದ ಪಕ್ಕ. ಇವತ್ತು ಎರಡನ್ನೂ ತಂದಿದ್ದೇನೆ, ಮುಟ್ಟಿ ನೋಡಬಹುದು.