ಸಂದರ್ಶನದ ಕೋಣೆಗೆ ಎಂತಹ ಬೆಳಕು?
(ದೃಶ್ಯ ದಾಖಲೀಕರಣ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಪಾಠ)



ಬೀಜ ಕಾಪಾಡಿಕೊಂಡು ಬಂದ ಅಜ್ಜಿಯರ, ಸೊಪ್ಪಿನ ಬೆಟ್ಟದ ಲೆಕ್ಕ ಬಲ್ಲ ಹಿರಿಯರ ಮಾತುಗಳನ್ನು ವಿಡಿಯೋದಲ್ಲಿ ದಾಖಲಿಸಲು ಸಣ್ಣ ಕೋಣೆಯೊಂದನ್ನು ನೀವು ಸಜ್ಜುಗೊಳಿಸುತ್ತಿದ್ದೀರಿ. ಕ್ಯಾಮೆರಾದ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ದೀಪದ ಬಗ್ಗೆ ಬಂದದ್ದು ‘ಎಷ್ಟು ವ್ಯಾಟ್?’ ಎಂಬ ಒಂದೇ ಪ್ರಶ್ನೆ. ನನ್ನ ಪ್ರಶ್ನೆ ಬೇರೆ: ಆ ದೀಪದಡಿ ಬಣ್ಣ ಇದ್ದಂತೆಯೇ ಕಾಣುತ್ತದೆಯೇ?

ಅಡಿಕೆಯ ಎಲೆಚುಕ್ಕಿ ರೋಗದಲ್ಲಿ ಕಂದು ಚುಕ್ಕಿಯ ಸುತ್ತ ಹಳದಿ ಅಂಚಿರುತ್ತದೆ. ಹಳದಿ ಎಲೆ ರೋಗದಲ್ಲಿ ಗರಿಯ ತುದಿ ಹಳದಿಯಾಗುತ್ತಾ ಒಳಕ್ಕೆ ಸರಿಯುತ್ತದೆ. ಮೊದಲನೆಯದು ಶಿಲೀಂಧ್ರದ ರೋಗ. ಎರಡನೆಯದು ಫೈಟೊಪ್ಲಾಸ್ಮಾ ತರುವಂಥದ್ದು, ಅದಕ್ಕೆ ಶಿಲೀಂಧ್ರನಾಶಕ ನಾಟುವುದಿಲ್ಲ. ಸೋಗೆ ಹಿಡಿದು ರೈತರು ವಿವರಿಸುವಾಗ ಈ ವ್ಯತ್ಯಾಸವೇ ಮಸುಕಾದರೆ, ನೋಡಿದವರು ವ್ಯರ್ಥ ಸಿಂಪರಣೆಗೆ ಹಣ ಸುರಿಯುತ್ತಾರೆ.

ಬಿಳಿ ಎಲ್‌ಇಡಿಯ ಮೂಲ ಬೆಳಕು ಸಾಮಾನ್ಯವಾಗಿ ನೀಲಿ. ಮೇಲಿನ ಫಾಸ್ಫರ್ ಲೇಪನ ಅದರ ಒಂದು ಭಾಗವನ್ನು ಹಳದಿಯಾಗಿ ಪರಿವರ್ತಿಸುತ್ತದೆ. ಅಗ್ಗದ ದೀಪಗಳಲ್ಲಿ ಕೆಂಪು ಬಹಳ ಕಡಿಮೆ. ನಮ್ಮ ಕಂದು ಮೈಬಣ್ಣಕ್ಕೆ ಜೀವ ಕೊಡುವುದು ಆ ಕೆಂಪೇ. ಅದಿಲ್ಲದಿದ್ದರೆ ಗಟ್ಟಿಮುಟ್ಟಾದ ಮುದುಕರೂ ರೋಗಿಗಳಂತೆ ಕಾಣುತ್ತಾರೆ. ಡಬ್ಬಿಯ ಮೇಲೆ ಸಿಆರ್‌ಐ ಎಂಬ ಅಂಕಿ ಇರುತ್ತದೆ, ಗರಿಷ್ಠ 100. 95ಕ್ಕಿಂತ ಕಡಿಮೆಯದನ್ನು ಕೊಳ್ಳಬೇಡಿ. ಆ ಅಂಕಿಯೂ ಎಂಟು ಮಾಸಲು ಬಣ್ಣಗಳ ಸರಾಸರಿಯಷ್ಟೇ. ಗಾಢ ಕೆಂಪಿನ ಅಂಕಿ ಆರ್‌9 ಬೇರೆಯೇ. ಅದನ್ನು ಕೇಳಿ ಪಡೆಯಿರಿ.

ಇನ್ನು ವಿದ್ಯುತ್ತು. ಮಳೆಗಾಲದಲ್ಲಿ ಅದನ್ನು ನಂಬಿ ಕೆಲಸ ಮಾಡಲಾಗದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1,800 ವ್ಯಾಟ್-ಗಂಟೆ ಇರುತ್ತದೆ. ಅರ್ಧ ಬಳಸಿ, ಇನ್ವರ್ಟರಿನ ನಷ್ಟವನ್ನೂ ಕಳೆದರೆ ಸುಮಾರು 700 ಉಳಿಯುತ್ತದೆ. 40 ವ್ಯಾಟಿನ ಎರಡು ಎಲ್‌ಇಡಿ ಫಲಕಗಳಿಗೆ ಎಂಟು ಗಂಟೆಗೂ ಸಾಕು. ಹಳೆಯ 800 ವ್ಯಾಟಿನ ಹ್ಯಾಲೊಜೆನ್ ಒಂದು ಗಂಟೆಯೂ ಉರಿಯದು. ಎದುರು ಕುಳಿತವರು ಬೆವರುವುದು ಬೇರೆ.

ಫಲಕವನ್ನು ನೇರವಾಗಿ ಮುಖಕ್ಕೆ ಹಿಡಿಯಬೇಡಿ. ಬಿದಿರಿನ ಚೌಕಟ್ಟಿಗೆ ತೆಳ್ಳನೆಯ ಬಿಳಿ ಪಂಚೆ ಬಿಗಿದು, ದೀಪದಿಂದ ಎರಡಡಿ ಮುಂದೆ ನಿಲ್ಲಿಸಿ. ಆಗ ಪಂಚೆಯಿಡೀ ದೀಪವಾಗಿ ನೆರಳು ಮೃದುವಾಗುತ್ತದೆ. (ಒಗೆದು ನೀಲಿ ಹಾಕಿದ ಪಂಚೆ ಬೇಡ, ಬಣ್ಣ ಕೆಡುತ್ತದೆ. ಹ್ಯಾಲೊಜೆನ್‌ ಬಳಿಯಂತೂ ಬಟ್ಟೆ ಒಯ್ಯಲೇಬೇಡಿ.) ಇದನ್ನು ಒಂದು ಪಕ್ಕಕ್ಕೆ, ಕಣ್ಣಿಗಿಂತ ಎತ್ತರದಲ್ಲಿ ಇಡಿ, ಕನ್ನಡಕದ ಹೊಳಪೂ ತಪ್ಪುತ್ತದೆ. ಎರಡನೆಯ ಫಲಕ ಹಿಂದಿನಿಂದ ತಲೆ, ಭುಜಗಳ ಅಂಚಿಗೆ ಬೀಳಲಿ. ಮೋಡ ಸರಿದಂತೆಲ್ಲ ಕಿಟಕಿಯ ಬೆಳಕು ಬದಲಾಗುವುದರಿಂದ ಪರದೆ ಎಳೆಯಿರಿ. ಸಂಜೆ ಮಳೆಹುಳುಗಳು ಮುತ್ತದಂತೆಯೂ ಅದು ತಡೆದೀತು.

ಮನೆಬಳಕೆಯ ಎಷ್ಟೋ ಬಲ್ಬುಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಕಾಣದಿದ್ದರೂ ಚಿತ್ರದಲ್ಲಿ ಪಟ್ಟೆಗಳಾಗಿ ಮೂಡುತ್ತವೆ. ಕ್ಯಾಮೆರಾದ ಷಟರನ್ನು ಸೆಕೆಂಡಿನ 1/50ಕ್ಕೆ ಇಟ್ಟರೆ ಬಹುಪಾಲು ಪರಿಹಾರವಾಗುತ್ತದೆ.

ಕೊಳ್ಳಲು ಪೇಟೆಗೆ ಹೋಗುವವರು ರೋಗ ತಗುಲಿದ ಒಂದು ಗರಿಯನ್ನು ಜೊತೆಗೆ ಒಯ್ಯಿರಿ. ಅಂಗಡಿಯ ಹೊರಗೆ ಹಗಲಿನಲ್ಲೊಮ್ಮೆ, ಒಳಗೆ ಆ ದೀಪದಡಿಯೊಮ್ಮೆ ನೋಡಿರಿ. ಹಳದಿ ಅಂಚು ಎರಡೂ ಕಡೆ ಒಂದೇ ತೆರನಾಗಿ ಕಂಡರೆ ಮಾತ್ರ ಬೆಲೆ ವಿಚಾರಿಸಿರಿ.