ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಆರು ತಿಂಗಳು

(ಬಳಿಚಕ್ರದಲ್ಲಿ ಸ್ವಸಹಾಯ ಸಂಘಗಳ ಸದಸ್ಯರು ಹಾಗೂ ತಲೆಗೆ ಪೆಟ್ಟಾದವರ, ಲಕ್ವಾ ಹೊಡೆದವರ ಮನೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಾವು ಇವತ್ತು ಇಲ್ಲಿಗೆ ಬಂದಿರುವುದು ಸಾಲದ ವಿಷಯಕ್ಕೂ ಅಲ್ಲ, ಉಳಿತಾಯದ ಪುಸ್ತಕ ನೋಡಲಿಕ್ಕೂ ಅಲ್ಲ. ಈ ಹೋಬಳಿಯ ಹಳ್ಳಿಗಳಲ್ಲಿ ಮನೆ ಮನೆಗೆ ಹೋದಾಗ ಒಳಕೋಣೆಯಲ್ಲಿ, ಇಲ್ಲವೇ ಹಿತ್ತಲ ಕಟ್ಟೆಯ ಮೇಲೆ ಮಲಗಿರುವ ಒಬ್ಬರು ನಮಗೆ ಕಾಣುತ್ತಾರೆ. ಬೈಕಿನಿಂದ ಬಿದ್ದವರು, ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿ ಸಾರ್ವೆಯಿಂದ ಬಿದ್ದವರು, ಬಿ.ಪಿ. ಏರಿ ಮೆದುಳಿನಲ್ಲಿ ರಕ್ತ ಸೋರಿದವರು. "ಏನಾಗ್ಯಾದವ್ವಾ?" ಅಂತ ಕೇಳಿದರೆ ಒಂದೇ ಉತ್ತರ: "ಜೀವ ಉಳದದ್ರಿ, ಅಷ್ಟ ಸಾಕು. ಇನ್ನ ಹಿಂಗ."

ಆ "ಇನ್ನ ಹಿಂಗ" ಅನ್ನೋ ಮಾತಿನ ಬಗ್ಗೆಯೇ ನಮ್ಮ ಇವತ್ತಿನ ಮಾತು.

ನಮ್ಮ ಯಾದಗಿರಿ ಜಿಲ್ಲೆಯಿಂದ ಎಷ್ಟು ಮಂದಿ ಗುಳೆ ಹೋಗುತ್ತಾರೆ ಅನ್ನೋದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ತೊಗರಿ, ಹತ್ತಿ ಮುಗಿದರೆ ಬೆಂಗಳೂರು, ಪುಣೆ, ಮುಂಬೈ. ಅಲ್ಲಿ ಬಿದ್ದವರನ್ನು ಅಲ್ಲಿಯೇ ದೊಡ್ಡ ಆಸ್ಪತ್ರೆಗೆ ಸೇರಿಸುತ್ತಾರೆ, ಆಪರೇಷನ್ ಆಗುತ್ತದೆ, ಹದಿನೈದು ಇಪ್ಪತ್ತು ದಿನಕ್ಕೆ ಮನೆಗೆ ಕಳಿಸುತ್ತಾರೆ. ನಾವು ಜೊತೆಗಿದ್ದ ಒಂದು ಕುಟುಂಬಕ್ಕೆ ಆಸ್ಪತ್ರೆಯಲ್ಲಿ ಕೊಟ್ಟ ಚೀಟಿಯಲ್ಲಿ ಮಾತ್ರೆಗಳ ಹೆಸರು ಎರಡು ಪುಟ ಇತ್ತು. ಕೊನೆಗೆ ಇಂಗ್ಲಿಷಿನಲ್ಲಿ ಒಂದು ಸಾಲು: ಫಿಸಿಯೋಥೆರಪಿ ಮುಂದುವರಿಸಿ. ಎಲ್ಲಿ, ಯಾರ ಹತ್ತಿರ, ಎಷ್ಟು ದಿನ, ಏನೂ ಇಲ್ಲ. ಆ ಸಾಲನ್ನು ಓದಿ ಹೇಳುವವರೂ ಆ ಮನೆಯಲ್ಲಿ ಇರಲಿಲ್ಲ. ಮೂರು ತಿಂಗಳ ಮೇಲೆ ನಾವೇ ಹೋಗಿ ಓದಿದಾಗ ಆ ಹುಡುಗನ ಬಲಗೈ ಮಡಚಿಕೊಂಡು ಎದೆಗೆ ಅಂಟಿಬಿಟ್ಟಿತ್ತು, ಪಾದ ಕೆಳಮುಖವಾಗಿ ಬಿಗಿದಿತ್ತು. ಅದು ಪೆಟ್ಟಿನಿಂದ ಆದದ್ದಲ್ಲ. ಮೂರು ತಿಂಗಳು ಯಾರೂ ಅಲ್ಲಾಡಿಸದೆ ಬಿಟ್ಟಿದ್ದಕ್ಕೆ ಆದದ್ದು. ನಮಗೂ ಆವತ್ತು ಬೇಜಾರಾಯಿತು, ಯಾಕಂದ್ರೆ ಆ ಓಣಿಯಲ್ಲಿ ನಾವು ಪ್ರತಿ ತಿಂಗಳೂ ಸಭೆ ಮಾಡ್ತಿದ್ದೆವು. ಒಳಗೆ ಯಾರಿದ್ದಾರೆ ಅಂತ ಕೇಳಿರಲಿಲ್ಲ.

ಮೆದುಳು ಮೂಳೆಯ ಹಾಗೆ ಕೂಡಿಕೊಳ್ಳುವುದಿಲ್ಲ. ಸತ್ತ ಭಾಗ ಸತ್ತೇ ಹೋಯಿತು. ಆದರೆ ಉಳಿದ ಭಾಗ ಹೊಸದಾಗಿ ಕಲಿಯುತ್ತದೆ. ಹಳ್ಳ ಬಂದು ನಿಮ್ಮ ಹೊಲದ ಕಾಲುದಾರಿ ಕೊಚ್ಚಿಕೊಂಡು ಹೋಯಿತು ಅಂದುಕೊಳ್ರಿ. ಹೊಲಕ್ಕೆ ಹೋಗೋದು ಬಿಡ್ತೀರೇನು? ಬದುವಿನ ಮೇಲೆ ಸುತ್ತು ಹಾಕಿ ಹೋಗ್ತೀರಿ. ಮೊದಲ ದಿನ ಮುಳ್ಳು, ಎರಡನೆಯ ದಿನವೂ ಮುಳ್ಳು. ದಿನಾ ಹತ್ತು ಸಲ ತುಳಿದರೆ ತಿಂಗಳಿಗೆ ಅಲ್ಲೊಂದು ದಾರಿ ಬೀಳುತ್ತದೆ. ವಾರಕ್ಕೊಮ್ಮೆ ಹೋದರೆ ಹುಲ್ಲು ಬೆಳೆಯುತ್ತದೆ. ಮೆದುಳಿನ ಕಲಿಕೆಯೂ ಹೀಗೆಯೇ. ಈ ಹೊಸ ದಾರಿ ಬೇಗ ಬೇಗ ಬೀಳುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ. ಆಮೇಲೆ ನಿಂತೇ ಹೋಗುತ್ತದೆ ಅಂತಲ್ಲ, ಎರಡು ಮೂರು ವರ್ಷದ ಮೇಲೂ ಸುಧಾರಿಸಿದವರು ಇದ್ದಾರೆ. ಆದರೆ ವೇಗ ಕಡಿಮೆ.

ಇಲ್ಲೊಂದು ವಿಚಿತ್ರ ನೋಡ್ರಿ. ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಹೋದರೆ, ಮೆದುಳು ನರದ ತೊಂದರೆ ಇದ್ದವರನ್ನು ಸಾಮಾನ್ಯವಾಗಿ ಆರು ತಿಂಗಳಾದ ಮೇಲೆಯೇ ಪರೀಕ್ಷೆ ಮಾಡುತ್ತಾರೆ. ಎಷ್ಟು ಸುಧಾರಿಸುತ್ತದೋ ನೋಡಿ ಶೇಕಡಾವಾರು ಬರೆಯಬೇಕಲ್ಲ, ಅವರ ನಿಯಮ ತಪ್ಪಲ್ಲ. ಆದರೆ ನಮ್ಮ ಜನ ಏನು ಮಾಡುತ್ತಾರೆ? ಆರು ತಿಂಗಳು ಕಾರ್ಡಿಗಾಗಿ ಕಾಯುತ್ತಾರೆ, ಕಾರ್ಡು ಬಂದ ಮೇಲೆ ಚಿಕಿತ್ಸೆ ಕೇಳುತ್ತಾರೆ. ದಾರಿ ಬೀಳುವ ಕಾಲ ಕಾಯುವುದರಲ್ಲೇ ಹೋಗುತ್ತದೆ. ಕಾರ್ಡಿಗೆ ಕಾಯ್ರಿ, ಕೈಕಾಲಿಗೆ ಕಾಯಬೇಡ್ರಿ.

ಈಗ ಮನೆಯಲ್ಲಿ ಮಾಡುವ ಕೆಲಸ. ಮಲಗಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿಯೂ. ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಕೆಂಪಾಗಿದೆಯೇ ದಿನಾ ನೋಡಬೇಕು. ಹುಣ್ಣು ಒಳಗಿಂದ ಕೊಳೆಯುತ್ತದೆ, ಮೇಲೆ ಕಾಣುವಾಗ ತಡವಾಗಿರುತ್ತದೆ. ಇನ್ನು ಊಟ: ಮಲಗಿಸಿಕೊಂಡು ಬಾಯಿಗೆ ಗಂಜಿ, ಹಾಲು ಹಾಕಬೇಡ್ರಿ. ಪ್ರೀತಿಯಿಂದಲೇ ಹಾಕ್ತೀರಿ, ಆದರೆ ನುಂಗುವ ಶಕ್ತಿ ಕುಂದಿದವರಿಗೆ ಅದು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಬೆನ್ನು ನೆಟ್ಟಗೆ ಕೂಡಿಸಿ, ಗದ್ದ ಸ್ವಲ್ಪ ಕೆಳಗೆ ಮಾಡಿಸಿ, ಸಣ್ಣ ಸಣ್ಣ ತುತ್ತು. ಊಟದ ಮೇಲೆ ಅರ್ಧ ತಾಸು ಹಾಗೇ ಕೂಡಿಸ್ರಿ. ಪ್ರತಿ ತುತ್ತಿಗೂ ಕೆಮ್ಮು ಬಂದರೆ, ದನಿ ನೀರು ತುಂಬಿದ ಹಾಗೆ ಕೇಳಿದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸ್ರಿ. ತೆಳ್ಳನೆಯ ನೀರಿಗಿಂತ ಮಂದವಾದ ಅಂಬಲಿ ಎಷ್ಟೋ ಮಂದಿಗೆ ನುಂಗಲಿಕ್ಕೆ ಹಗುರ.

ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯಬಾರದು. ಅದೊಂದೇ ತಪ್ಪಿಗೆ ಭುಜದ ಕೀಲು ಜಾರಿ, ವರ್ಷಗಟ್ಟಲೆ ನೋವು ಅನುಭವಿಸುವವರನ್ನು ನಾವು ನೋಡಿದ್ದೇವೆ. ನಡೆಯುವುದನ್ನು ಕಲಿಸಲಿಕ್ಕೆ ದುಬಾರಿ ಯಂತ್ರವೇ ಬೇಕಂತಿಲ್ಲ. ಅಂಗಳದಲ್ಲಿ ಸೊಂಟದ ಎತ್ತರಕ್ಕೆ ಎರಡು ಗಟ್ಟಿ ಬಿದಿರು ಅಡ್ಡ ಕಟ್ಟಿ, ಒಬ್ಬರು ಹಿಂದೆ ನಿಂತರೆ ಅದೇ ನಡಿಗೆಯ ಸಾಲು. ಯಾವ ವ್ಯಾಯಾಮ, ಎಷ್ಟು ಅಂತ ಫಿಸಿಯೋಥೆರಪಿ ಬಲ್ಲವರು ಒಮ್ಮೆ ನೋಡಿ ಹೇಳಬೇಕು. ದಿನಾ ಮಾಡಿಸುವುದು ಮನೆಯವರು.

ಕೆಲವರಿಗೆ ಆಪರೇಷನ್ ಮಾಡುವಾಗ ತಲೆಬುರುಡೆಯ ಒಂದು ತುಂಡು ತೆಗೆದಿರುತ್ತಾರೆ, ಮೆದುಳು ಬಾತಾಗ ಅದಕ್ಕೆ ಜಾಗ ಬೇಕು ಅಂತ. ಆ ತುಂಡನ್ನು ಎಷ್ಟೋ ಕಡೆ ಹೊಟ್ಟೆಯ ಚರ್ಮದ ಕೆಳಗೆ ಇಟ್ಟು ಹೊಲಿದಿರುತ್ತಾರೆ. ಒಂದು ಮನೆಯಲ್ಲಿ ಅಜ್ಜಿ ನಮ್ಮನ್ನು ಬದಿಗೆ ಕರೆದು, "ಮೊಮ್ಮಗನ ಹೊಟ್ಟ್ಯಾಗ ಏನೋ ಗಟ್ಟಿ ಬೆಳದದ, ಗಂಟೇನ್ರಿ?" ಅಂತ ಅತ್ತಳು. ಅದು ಅವನದೇ ಬುರುಡೆ. ತಿಂಗಳುಗಳ ಮೇಲೆ ತಿರುಗಿ ತಲೆಗೆ ಕೂಡಿಸುತ್ತಾರೆ. ಅಲ್ಲಿಯವರೆಗೆ ಆ ತಗ್ಗಿನ ಜಾಗಕ್ಕೆ ಪೆಟ್ಟಾಗದಂತೆ ನೋಡಬೇಕು, ಆ ಮಗ್ಗುಲಿಗೆ ಮಲಗಿಸಬಾರದು. ಒಂದು ಮಾತು ಹೇಳಿ ಕಳಿಸಿದ್ದರೆ ಆ ಅಜ್ಜಿ ಅಷ್ಟು ದಿನ ನಿದ್ದೆಗೆಡುತ್ತಿರಲಿಲ್ಲ.

ಇನ್ನು ಕಣ್ಣಿಗೆ ಕಾಣದ ಗಾಯ. ಇದನ್ನೇ ನಾವು ಹೆಚ್ಚು ಹೇಳಬೇಕಾಗಿದೆ. ಕೈಕಾಲು ನೆಟ್ಟಗಿವೆ, ನಡೀತಾನೆ, ಉಣ್ತಾನೆ. ಆದರೆ ಮೊದಲಿನ ಮನುಷ್ಯ ಅಲ್ಲ. ಸಣ್ಣ ಮಾತಿಗೆ ಸಿಟ್ಟು, ಹೆಂಡತಿಯ ಮೇಲೆ ಕೈ ಎತ್ತುವುದು, ನಾಲ್ಕು ಮಂದಿಯ ಎದುರು ಆಡಬಾರದ ಮಾತು. ಇಲ್ಲವೇ ಇದಕ್ಕೆ ಉಲ್ಟಾ: ಬೆಳಗಿನಿಂದ ಕಟ್ಟೆಯ ಮೇಲೆ ಕೂತರೆ ಸಂಜೆವರೆಗೂ ಅಲ್ಲೇ. ಏಳು ಅಂದರೆ ಏಳುತ್ತಾನೆ, ತಾನಾಗಿ ಏಳುವುದಿಲ್ಲ. ಜನ ಏನಂತಾರೆ? "ಸೋಮಾರಿ ಆಗ್ಯಾನ", "ಗಾಳಿ ಸೋಕ್ಯಾದ".

ಅಮೆರಿಕಾದಲ್ಲಿ 1848ರಲ್ಲಿ ಫಿನಿಯಾಸ್ ಗೇಜ್ ಅನ್ನುವ ಒಬ್ಬ ರೈಲು ದಾರಿಯ ಮೇಸ್ತ್ರಿ ಇದ್ದ. ಬಂಡೆ ಒಡೆಯಲು ಮದ್ದು ತುಂಬುವಾಗ ಸ್ಫೋಟವಾಗಿ ಕಬ್ಬಿಣದ ಹಾರೆ ಅವನ ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಂತು. ಬದುಕಿದ. ಆದರೆ ಸ್ವಭಾವ ಎಷ್ಟು ಬದಲಾಯಿತೆಂದರೆ, ಪರಿಚಯದವರು ಇವನು ಮೊದಲಿನ ಗೇಜ್ ಅಲ್ಲವೇ ಅಲ್ಲ ಅಂದರು. ಮೇಸ್ತ್ರಿ ಕೆಲಸ ಹೋಯಿತು. ಹಣೆಯ ಹಿಂದಿನ ಮೆದುಳಿಗೆ ಪೆಟ್ಟಾದರೆ ಸ್ವಭಾವ ಬದಲಾಗುತ್ತದೆ ಅಂತ ವೈದ್ಯರು ಕಲಿತದ್ದರಲ್ಲಿ ಅವನ ಪಾಲು ದೊಡ್ಡದು. ಪುಸ್ತಕಗಳು ಇಷ್ಟಕ್ಕೇ ನಿಲ್ಲಿಸುತ್ತವೆ. ಆದರೆ ಅವನ ಕಥೆಯ ಉಳಿದರ್ಧವೇ ನಮಗೆ ಬೇಕಾದ್ದು: ಮುಂದೆ ಅವನು ದಕ್ಷಿಣ ಅಮೆರಿಕಾದ ಚಿಲಿ ದೇಶಕ್ಕೆ ಹೋಗಿ ಅಲ್ಲಿ ವರ್ಷಗಟ್ಟಲೆ ಕುದುರೆಬಂಡಿ ಓಡಿಸಿ ದುಡಿದು ತಿಂದ. ದಿನಾ ಅದೇ ಹೊತ್ತಿಗೆ ಏಳುವುದು, ಅದೇ ಕುದುರೆ, ಅದೇ ದಾರಿ. ಅಂಥ ಕಟ್ಟುನಿಟ್ಟಿನ ದಿನಚರಿಯೇ ಅವನನ್ನು ತಿರುಗಿ ಮನುಷ್ಯರ ನಡುವೆ ನಿಲ್ಲಿಸಿರಬೇಕು ಅಂತ ಈಗ ಅಧ್ಯಯನ ಮಾಡಿದವರು ಹೇಳುತ್ತಾರೆ.

ಅದನ್ನು ನಮ್ಮ ಮನೆಯಲ್ಲೂ ಮಾಡಬಹುದು. ಏಳುವ, ಉಣ್ಣುವ, ಮಲಗುವ ಹೊತ್ತು ದಿನಾ ಒಂದೇ ಇರಲಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳ್ರಿ. "ಆಡಿಗೆ ನೀರಿಡು, ಮೇವು ಹಾಕು, ಅಂಗಡಿಗೆ ಹೋಗಿ ಬಾ" ಅಂತ ಒಟ್ಟಿಗೆ ಹೇಳಿದರೆ ಅವನಿಗೆ ಮೂರೂ ಹೋಗುತ್ತವೆ. ಕೂಗಾಟ, ಟಿ.ವಿ. ಸದ್ದು, ಬಂದವರ ಜಾತ್ರೆ ಕಡಿಮೆ ಮಾಡ್ರಿ. ಸಿಟ್ಟು ಬಂದಾಗ ವಾದ ಮಾಡದೆ ಹೊರಗೆ ಕರೆದುಕೊಂಡು ಹೋಗ್ರಿ. ಹೆಂಡ, ಸಾರಾಯಿ ಒಂದು ಹನಿಯೂ ಬೇಡ. ಹಾಗಂತ, ಹೊಡೆತ ತಿಂದುಕೊಂಡೇ ಇರಬೇಕು ಅಂತ ನಾವು ಯಾವ ಹೆಣ್ಣುಮಗಳಿಗೂ ಹೇಳುವುದಿಲ್ಲ. ಕೈ ಎತ್ತುತ್ತಾನೆ ಅಂದರೆ ಅದು ಡಾಕ್ಟರಿಗೆ ಹೇಳಬೇಕಾದ ಲಕ್ಷಣ, ಅದಕ್ಕೆ ಔಷಧಿ ಇದೆ. ನಿಮ್ಮ ಜೀವಕ್ಕೆ ಭಯ ಇದ್ದರೆ ಮೊದಲು ಮಕ್ಕಳನ್ನು ಕರೆದುಕೊಂಡು ಸುರಕ್ಷಿತ ಜಾಗಕ್ಕೆ ಹೋಗ್ರಿ.

ಹರಕೆ ಹೊರ್ರಿ, ತಾಯತ ಕಟ್ಟಿಸ್ರಿ, ನಾವು ಬೇಡ ಅನ್ನುವವರಲ್ಲ. ಆದರೆ ಫಿಟ್ಸ್ ಗುಳಿಗೆ ಮಾತ್ರ ನಿಲ್ಲಿಸಬೇಡ್ರಿ. ಒಮ್ಮೆಲೇ ನಿಲ್ಲಿಸಿದರೆ ಬರುವ ಫಿಟ್ಸ್ ಜೀವಕ್ಕೇ ಕುತ್ತು. ಮತ್ತೊಂದು ಮಾತು, ಮನೆಗೆ ಬಂದ ಮೇಲೆ ತಲೆನೋವು ಹೆಚ್ಚುತ್ತಾ ಹೋದರೆ, ವಾಂತಿ, ಎಬ್ಬಿಸಿದರೂ ಏಳದ ಮಂಪರು ಬಂದರೆ ಅದೇ ಹೊತ್ತಿಗೆ 108ಕ್ಕೆ ಫೋನ್ ಮಾಡ್ರಿ. ವಯಸ್ಸಾದವರಿಗೆ ಬಚ್ಚಲಲ್ಲಿ ಜಾರಿ ಬಿದ್ದ ವಾರಗಳ ಮೇಲೂ ತಲೆಯೊಳಗೆ ರಕ್ತ ನಿಧಾನವಾಗಿ ತುಂಬುವುದುಂಟು.

ಮಾತು ಹೋದವರ ಬಗ್ಗೆ. ಮಾತು ಹೋಯಿತು ಅಂದರೆ ಬುದ್ಧಿ ಹೋಯಿತು ಅಂತಲ್ಲ. ಎಷ್ಟೋ ಮಂದಿಗೆ ನೀವು ಆಡುವುದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಬಾಯಿಗೆ ಬರುವುದಿಲ್ಲ. ಅವರ ಎದುರೇ "ಇವಂದೇನ್ ಉಪಯೋಗ" ಅನ್ನಬೇಡ್ರಿ. ಒಂದು ಅಚ್ಚರಿ ಏನಂದ್ರೆ, ನೀರು ಅಂತ ಕೇಳಲಾಗದವರೂ ಬಾಯಿಪಾಠ ಇರುವ ಭಜನೆ, ತತ್ವಪದ ಶುರು ಮಾಡಿದರೆ ಜೊತೆಗೂಡಿ ಹಾಡುವುದುಂಟು. ಹಾಡಿನ ದಾರಿ ಮೆದುಳಿನಲ್ಲಿ ಬೇರೆ. ಅಲ್ಲಿಂದ ಒಂದೊಂದೇ ಶಬ್ದ ಬಿಡಿಸಿಕೊಳ್ಳಬಹುದು. ಇದಕ್ಕೆ ತರಬೇತಿ ಕೊಡುವವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿದ್ದಾರೆ. ಅದು 1965ರಲ್ಲಿ ಆದದ್ದು. ಮೈಸೂರು ದೂರ ನಿಜ, ಪರದೆಯ ಮೂಲಕ ದೂರದಿಂದ ಕಲಿಸುವ ವ್ಯವಸ್ಥೆಯೂ ಅಲ್ಲಿದೆ.

ದೊಡ್ಡ ಸೇವೆ ಎಲ್ಲಿ ಸಿಗುತ್ತದೆ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ಪ್ರತ್ಯೇಕ ವಿಭಾಗ ಇದೆ. ಯಾದಗಿರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಒಂದು ರಾತ್ರಿಯ ದಾರಿ. ಆದರೆ ಮಲಗಿದವರನ್ನು ಜನರಲ್ ಬೋಗಿಯಲ್ಲಿ ಒಯ್ಯುವುದು ಏನು ಅನ್ನೋದು ಒಯ್ದವರಿಗೇ ಗೊತ್ತು. ಆದ್ದರಿಂದ ಮೊದಲು ಯಾದಗಿರಿ ಜಿಲ್ಲಾ ಆಸ್ಪತ್ರೆಗೆ ಹೋಗ್ರಿ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮವನ್ನು 2024ರಲ್ಲಿ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿದರು. ಅಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ ಎಲ್ಲಿದೆ ಅಂತ ಕೇಳ್ರಿ, ಹೆಸರು ಹೇಳಿ ಕೇಳ್ರಿ. ರಸ್ತೆ ಅಪಘಾತ ಆದವರಿಗೆ 2025ರ ಮೇ ತಿಂಗಳಲ್ಲಿ ಜಾರಿಯಾದ ಕೇಂದ್ರದ ಯೋಜನೆಯಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆ ಇದೆ. ಏಳು ದಿನ ಜೀವ ಉಳಿಸಲಿಕ್ಕೆ. ಮುಂದಿನ ತಿಂಗಳುಗಳ ಲೆಕ್ಕ ಅದರಲ್ಲಿಲ್ಲ.

ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿ.ಆರ್.ಡಬ್ಲ್ಯು., ಇರುತ್ತಾರೆ. ಅವರೂ ವಿಕಲಚೇತನರೇ. ಕಡಿಮೆ ಗೌರವಧನಕ್ಕೆ ಹಳ್ಳಿ ಹಳ್ಳಿ ತಿರುಗುತ್ತಾರೆ. ಯು.ಡಿ.ಐ.ಡಿ. ಕಾರ್ಡಿನ ಅರ್ಜಿ, ಮಾಸಾಶನ, ಗಾಲಿಕುರ್ಚಿ ಇವಕ್ಕೆ ಅವರನ್ನೇ ಹಿಡೀರಿ. ಪಂಚಾಯಿತಿಯ ಹಣದಲ್ಲಿ ಶೇಕಡಾ 5 ವಿಕಲಚೇತನರಿಗೆ ಅಂತ ಇದೆ, ಗ್ರಾಮಸಭೆಯಲ್ಲಿ ಎದ್ದು ಕೇಳ್ರಿ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆಗಳಿವೆ, ಮೆದುಳಿನ ಪೆಟ್ಟು ಅಂತ ಪ್ರತ್ಯೇಕ ಹೆಸರಿಲ್ಲ. ಅದಕ್ಕೆ ಹೆದರಬೇಡ್ರಿ. ಕೈಕಾಲಿನ ತೊಂದರೆ ಚಲನವೈಕಲ್ಯದಲ್ಲಿ ಬರುತ್ತದೆ, ಮಾತು ಹೋದದ್ದು ಮಾತು ಮತ್ತು ಭಾಷೆಯ ವೈಕಲ್ಯದಲ್ಲಿ ಬರುತ್ತದೆ. ಮರೆವು, ಸಿಟ್ಟು ಇದ್ದರೆ ಅದನ್ನೂ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ರೋಗಿ ಹೇಳುವುದಿಲ್ಲ, ಅವನಿಗೆ ಅದು ಗೊತ್ತೇ ಇರುವುದಿಲ್ಲ. ಗುಳೆ ಹೋಗುವವರು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹೆಸರು ಬರೆಸಿಯೇ ಹೋಗ್ರಿ, ಬಿದ್ದ ಮೇಲೆ ಬರೆಸಲಿಕ್ಕೆ ಆಗುವುದಿಲ್ಲ.

ನಮ್ಮದೊಂದು ತಕರಾರಿದೆ. 2024-25ರ ರಾಜ್ಯ ಬಜೆಟ್ಟಿನಲ್ಲಿ ಆರೈಕೆ ಮಾಡುವವರಿಗೆ ತಿಂಗಳಿಗೆ 1,000 ರೂಪಾಯಿ ಅಂತ ಘೋಷಿಸಿದರು. ಸೆರೆಬ್ರಲ್ ಪಾಲ್ಸಿ, ಪಾರ್ಕಿನ್ಸನ್‌ನಂಥ ನಾಲ್ಕು ಕಾಯಿಲೆಗಳ ಹೆಸರು ಹೇಳಿದರು, ತಲೆಪೆಟ್ಟಿನ ಹೆಸರು ಬರಲಿಲ್ಲ. ಎರಡು ತಾಸಿಗೊಮ್ಮೆ ರಾತ್ರಿ ಏಳುವ ತಾಯಿಗೆ ಕಾಯಿಲೆಯ ಹೆಸರಿನಿಂದ ಏನು ವ್ಯತ್ಯಾಸ?

ಈ ಆರೈಕೆ ಯಾರ ಮೇಲೆ ಬೀಳುತ್ತದೆ ಅನ್ನೋದನ್ನೂ ನೋಡ್ರಿ. ತಾಯಿ ಕೂಲಿಗೆ ಹೋಗಬೇಕು, ಆದ್ದರಿಂದ ಏಳನೆಯ ತರಗತಿಯ ಮಗಳು ಶಾಲೆ ಬಿಡುತ್ತಾಳೆ. ಇಂಥ ಮೂರು ಹುಡುಗಿಯರು ನಮಗೆ ಗೊತ್ತು. ಅದಕ್ಕೆ ನಮ್ಮ ಕೋರಿಕೆ ಇಷ್ಟು: ಒಂದು ಸಂಘದಲ್ಲಿ ಹದಿನೈದು ಮಂದಿ ಇದ್ದೀರಿ. ವಾರಕ್ಕೆ ಒಬ್ಬೊಬ್ಬರು ಒಂದು ಮಧ್ಯಾಹ್ನ ಆ ಮನೆಯಲ್ಲಿ ಕೂತರೂ ಆ ಹುಡುಗಿ ಶಾಲೆಗೆ ಹೋಗುತ್ತಾಳೆ. ಕೂರುವುದು ಕಷ್ಟವಲ್ಲ. ಎತ್ತುವುದು, ಕೂಡಿಸುವುದು ಬರಬೇಕು.

ಅದನ್ನ ಈಗ ಮಾಡಿ ತೋರಿಸ್ತೀವಿ. ಯಾರಾದರೂ ಇಬ್ಬರು ಮುಂದ ಬರ್ರಿ. ಒಬ್ಬರು ಈ ಹೊರಸಿನ ಮೇಲೆ ಮಲಗ್ರಿ, ಬಲಗೈ ಬಲಗಾಲು ಸೋತಾವ ಅಂತ ತಿಳ್ಕೊಳ್ರಿ. ಕುರ್ಚಿಯನ್ನ ಎಡಗಡೆ ಇಡ್ರಿ, ಗಟ್ಟಿ ಇರುವ ಕಡೆ.