ಟ್ರ್ಯಾಕ್ಟರ್ ಎತ್ತರಿಸಿದ ಮೇಲೆ ಸ್ಟೇರಿಂಗ್ ಹೊಂದಾಣಿಕೆ



ಬೀದರ್ ನಗರದ ಸುತ್ತ ಕೆಂಪು ಜಂಬಿಟ್ಟಿಗೆ ನೆಲ. ಭಾಲ್ಕಿ, ಔರಾದ ಕಡೆಗೆ ಎರೆಭೂಮಿ ಹೆಚ್ಚು. ಬೆಳೆದು ನಿಂತ ತೊಗರಿಯಲ್ಲಿ ಎಡೆ ಹೊಡೆಯಲು ಕೆಲವರು ಟ್ರ್ಯಾಕ್ಟರಿನ ಗಾಲಿಗಳನ್ನು ಅಗಲಿಸುತ್ತಾರೆ. ಕೆಲವರು ಹಿಂದೆ ದೊಡ್ಡ ಟೈರು ಹಾಕಿ ಎತ್ತರಿಸುತ್ತಾರೆ. ಸಾಲಿನ ಅಂತರ 90 ಸೆ.ಮೀ. ಇದ್ದಾಗ ಗಾಲಿಗಳ ಅಂತರ 180 ಸೆ.ಮೀ. ಆದರೆ ಬೆಳೆ ತುಳಿಯುವುದಿಲ್ಲ. ಆದರೆ ಕೆಲಸ ಅಲ್ಲಿಗೇ ಮುಗಿಯದು. ಸ್ಟೇರಿಂಗ್ ಹೊಂದಿಸದಿದ್ದರೆ ಟ್ರ್ಯಾಕ್ಟರ್ ಒಂದು ಕಡೆಗೆ ಎಳೆಯುತ್ತದೆ, ಟೈರು ಬೇಗ ಸವೆಯುತ್ತದೆ. ಕಬ್ಬಿನ ಟ್ರೈಲರ್ ಕಟ್ಟಿ ರಸ್ತೆಗೆ ಇಳಿದಾಗ ಪ್ರಾಣಕ್ಕೂ ಅಪಾಯ.

ಮುಂದಿನ ಎರಡು ಗಾಲಿಗಳ ಮುಂಭಾಗವು ಹಿಂಭಾಗಕ್ಕಿಂತ ಕೆಲವೇ ಮಿ.ಮೀ. ಹತ್ತಿರ ಇರಬೇಕು. ಇದಕ್ಕೆ ಟೋ-ಇನ್ ಎನ್ನುತ್ತಾರೆ. 70 ಸೆ.ಮೀ. ವ್ಯಾಸದ ಗಾಲಿಗಳಲ್ಲಿ ಇದು 28 ಮಿ.ಮೀ. ತಪ್ಪಿದೆ ಎನ್ನಿ. ಆಗ ಪ್ರತಿ ಟೈರು ಒಂದು ಕಿ.ಮೀ.ಗೆ ಸುಮಾರು 20 ಮೀಟರಿನಷ್ಟು ಅಡ್ಡಕ್ಕೆ ಉಜ್ಜಿಕೊಂಡು ಓಡುತ್ತದೆ. ಭಾಲ್ಕಿಯಿಂದ ಬೀದರಿಗೆ ಸುಮಾರು 40 ಕಿ.ಮೀ. ಬಂದರೆ 800 ಮೀಟರು ಉಜ್ಜಿದಂತಾಯಿತು!

ಹೊಂದಿಸುವ ಕ್ರಮ ಹೀಗಿದೆ:

1. ಟ್ರ್ಯಾಕ್ಟರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಮುಂದಿನ ಎರಡೂ ಟೈರಿಗೆ ಸಮನಾಗಿ ಗಾಳಿ ತುಂಬಿರಿ.

2. ಹಿಂದಿನ ಗಾಲಿಗಳಿಗೆ ಅಡ್ಡ ಕಲ್ಲಿಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ, ಗಟ್ಟಿ ಮರದ ದಿಮ್ಮಿ ಆಸರೆ ಕೊಡಿರಿ. ಬರೀ ಜಾಕನ್ನು ನಂಬಿ ಕೆಳಗೆ ನುಸುಳಬಾರದು. ಗಾಲಿ ಅಲ್ಲಾಡಿಸಿ ನೋಡಿರಿ. ಬೇರಿಂಗ್, ಕಿಂಗ್‌ಪಿನ್, ಟೈರಾಡಿನ ತುದಿ ಸಡಿಲವಿದ್ದರೆ ಮೊದಲು ಅವುಗಳನ್ನು ಸರಿಪಡಿಸಿರಿ. ಸಡಿಲ ಉಳಿದರೆ ಅಳತೆ ನಿಲ್ಲದು.

3. ಆಕ್ಸಲಿನ ಎರಡೂ ಬದಿಯನ್ನು ಒಂದೇ ಸಂಖ್ಯೆಯ ತೂತಿಗೆ ಜೋಡಿಸಿರಿ. ಟೈರಾಡಿನ ಉದ್ದವನ್ನೂ ಬದಲಿಸಬೇಕೇ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿರಿ. ಎಲ್ಲ ಟ್ರ್ಯಾಕ್ಟರುಗಳ ರಚನೆ ಒಂದೇ ಅಲ್ಲ.

4. ಗಾಲಿಗಳನ್ನು ಕೆಳಗಿಳಿಸಿ ನೇರ ಮಾಡಿರಿ. ಗುಂಭದ ಎತ್ತರದಲ್ಲಿ, ಟೈರುಗಳ ಮುಂಭಾಗದ ನಡುಮಧ್ಯೆ ಸುಣ್ಣದ ಗುರುತು ಹಾಕಿ ಅಂತರ ಅಳೆಯಿರಿ. ಗುರುತುಗಳು ಹಿಂಭಾಗಕ್ಕೆ, ಅದೇ ಎತ್ತರಕ್ಕೆ ಬರುವವರೆಗೆ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳಿ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವೇ ಟೋ-ಇನ್.

5. ಲಾಕ್‌ನಟ್ ಸಡಿಲಿಸಿ, ಕೈಪಿಡಿಯ ಅಳತೆ ಬರುವಂತೆ ಟೈರಾಡ್ ತಿರುಗಿಸಿರಿ. ಎರಡು ಟೈರಾಡ್ ಇದ್ದರೆ ಎರಡನ್ನೂ ಸಮನಾಗಿ ತಿರುಗಿಸಿರಿ. ಇಲ್ಲವಾದರೆ ಸ್ಟೇರಿಂಗ್ ಚಕ್ರ ಓರೆಯಾಗುತ್ತದೆ. ನಟ್ ಬಿಗಿದು, ಎಡ-ಬಲದ ಕೊನೆಯವರೆಗೆ ತಿರುಗಿಸಿ, ಟೈರು ಎಲ್ಲಿಯೂ ತಾಗದೆಂದು ಖಚಿತಪಡಿಸಿಕೊಳ್ಳಿರಿ.

ಇಷ್ಟಾದರೂ ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರಕ್ಕೆ ಬಾರದಿದ್ದರೆ ಎತ್ತರಿಸಿದ್ದೇ ಕಾರಣವಿರಬಹುದು. ಕಿಂಗ್‌ಪಿನ್ನಿನ ಮೇಲ್ತುದಿ ಸ್ವಲ್ಪ ಹಿಂದಕ್ಕೆ ವಾಲಿರುವುದರಿಂದ ಗಾಲಿ ನೇರಕ್ಕೆ ಮರಳುತ್ತದೆ. ಹಿಂಭಾಗ ಮಾತ್ರ ಎತ್ತರವಾದರೆ ಆ ವಾಲಿಕೆ ಕಡಿಮೆಯಾಗಿ ಟ್ರ್ಯಾಕ್ಟರ್ ಅತ್ತಿತ್ತ ಅಲೆಯುತ್ತದೆ. ಇದು ಟೈರಾಡ್ ತಿರುಗಿಸಿದರೆ ವಾಸಿಯಾಗುವ ರೋಗವಲ್ಲ. ತಯಾರಕರು ಸೂಚಿಸಿದ ಅಳತೆಯ ಮುಂದಿನ, ಹಿಂದಿನ ಟೈರುಗಳ ಜೋಡಿಗೇ ಮರಳಬೇಕು. ನಾಲ್ಕೂ ಗಾಲಿಗೆ ಚಾಲನೆಯಿರುವ ಟ್ರ್ಯಾಕ್ಟರಿನಲ್ಲಿ ಈ ಜೋಡಿ ತಪ್ಪಿದರೆ ಗೇರುಗಳಿಗೂ ಪೆಟ್ಟು.

ಮೊದಲು ಖಾಲಿ ಹೊಲದಲ್ಲಿ ನಿಧಾನವಾಗಿ ಓಡಿಸಿ ನೋಡಿರಿ. ಒಂದು ದಿನದ ಕೆಲಸದ ನಂತರ ನಟ್ಟುಗಳನ್ನು ಮತ್ತೆ ಬಿಗಿಯಿರಿ. ಆ ಬಳಿಕವೇ ಟ್ರೈಲರ್ ಕಟ್ಟಿರಿ. ಅಳತೆಗೆ ಬೇಕಾದುದು ಒಂದು ಟೇಪು, ಒಂದು ಚೂರು ಸುಣ್ಣ, ಅರ್ಧ ಗಂಟೆ ಬಿಡುವು. ಇದರಿಂದ ಉಳಿಯುವುದು ಟೈರಷ್ಟೇ ಅಲ್ಲ, ಟ್ರ್ಯಾಕ್ಟರಿನ ಮೇಲೆ ಕುಳಿತ ಮನೆಯ ಮಗನ ಜೀವವೂ ಹೌದು.